ಹನ್ನೊಂದಾದ ಮೇಲೆ ಹದಿಮೂರು

ಬರ್ರಿ, ಈ ಕಡೆ ಬರ್ರಿ, ಬಿಸಿಲು ಏರೂದ್ರಾಗ
ನೌಬಾದಿನಿಂದ ಸುರು ಮಾಡೋಣ ನಡಿಗಿ.
ಚಪ್ಪಲಿ ಗಟ್ಟಿ ಅದಾವೇನ್ರಿ? ಕೆಂಪುಕಲ್ಲಿನ ಊರು ಬೀದರ,
ಹಿಮ್ಮಡಕ್ಕ ಬಣ್ಣ ಹಚ್ಚೇ ಕಳಸ್ತದ.

ದಿನಾ ಹೇಳೂದನ್ನೇ ಹೇಳಿದೆ.
ಇವತ್ತು ಕೇಳೂ ಮಂದಿ ಮೂರೇ:
ಭಾಲ್ಕಿಯ ಇಬ್ಬರು ಡಿಪ್ಲೊಮಾ ಹುಡುಗರು,
ಬ್ರೂಜ್ ಅನ್ನೂ ಊರಿಂದ ಬಂದ ಲೀವಾಬಾಯಿ.
ಆಕೀದೂ ಇದೇ ಕಸಬಂತ. ಮೂವತ್ತು ವರ್ಷ
ಹಳದಿ ಕೊಡೆ ಎತ್ತಿ ಹಿಡದು
ತನ್ನೂರಿನ ಕಾಲುವಿ ದಂಡ್ಯಾಗ ಮಂದೀನ ನಡಸಿದಾಕಿ.
ಹುಡುಗರು ನಡುವ ನಿಂತು ಮಾತು ದಾಟಸ್ತಾರ,
ನನ್ನ ಹತ್ತು ಮಾತಿಗೆ ಅವರದೊಂದು.

“ನಮ್ಮಲ್ಲಿ ನೀರು ಮನೀ ಬಾಗಿಲಿಗೇ ಬರ್ತದ,
ಕಿಟಕಿ ತೆಗೆದರ ಹಂಸ.
ಉಣ್ಣಿ ಹೊತ್ತ ದೋಣಿ ಇಲ್ಲೇ ನಿಲ್ತಿದ್ದವು ಅಂತ
ಬೆರಳು ಮಾಡಿದರಾಯ್ತು” ಅಂದಳು.
ನಾ ಅಂದೆ: ಬಾಯಾರ, ನಿಮ್ಮ ದೋಣಿ ಓಡಾಡೂ ಕಾಲಕ್ಕೇ
ನಮ್ಮವರೂ ಕಾಲುವಿ ತೋಡ್ಯಾರ.
ಈ ಬಿಸಿಲಿಗೆ ಅಂಜಿ ನೆಲದ ಹೊಟ್ಟ್ಯಾಗ ಇಟ್ಟಾರ, ಅಷ್ಟೇ.
ನೀವು ನೀರು ತೋರಿಸಿ ಊರಿನ ಕತಿ ಹೇಳ್ತೀರಿ,
ನಾ ಬರೇ ತೂತು ತೋರಿಸಿ
ನೀರಿನ ಕತಿ ಹೇಳ್ಬೇಕು.

ಇದು ಸುರಂಗಬಾವಿ, ಇದು ಅದರ ಒಂದನೇ ಬಾಯಿ.
ಕಲ್ಲು ಒಗೀರಿ. ಒಂದು, ಎರಡು, ಮೂ…
ಡುಬುಕ್.
ಹುಡುಗರು ನಕ್ಕರು. ಲೀವಾಬಾಯಿ ನಗಲಿಲ್ಲ,
ಆ ಸಪ್ಪಳ ಮುಗಿಯೂತನ ಬಗ್ಗಿಯೇ ಇದ್ದಳು.

ಮೂರನೇದ್ದರಾಗ ಪಾರಿವಾಳ.
ಐದರಾಗ ಯಾರೋ ಕಳಕೊಂಡ ಚೆಂಡು, ಒಂಟಿ ಚಪ್ಪಲಿ.
ಎಂಟನೇದ್ದಕ್ಕ ಹೋಗಬೇಕಾದರ ತೊಗರಿ ಹೊಲದ ಬದು ತುಳಿಬೇಕು,
ಹೊಲದಾಕಿ ಬೈತಾಳ, ಬೈಸಿಕೊಂಡು ಮುಂದ ಹೋಗೋದು,
ಅದೂ ನಡಿಗ್ಯಾಗ ಸೇರ್ಯದ.
ಹಿಟ್ಟಿನ ಗಿರಣಿ ಹಿಂದ ಹನ್ನೊಂದು.
ಬೇವಿನ ಗಿಡ ದಾಟಿ
ಹದಿಮೂರು.

ಆಕಿ ನಿಂತಳು. ಬೆರಳು ಮಡಚಿ ತೆಗೆದಳು.
“ಘಾಳೆಪ್ಪ ಕಾಕಾ, ಹನ್ನೆರಡು ಎಲ್ಲದ ಅಂತ ಕೇಳ್ಲತ್ತಾಳ.”

ಸಾಲಿ ಮಾಸ್ತರರು ನಲವತ್ತು ಮಕ್ಕಳ ಕರಕೊಂಡು ಬಂದಾರ,
ಸೊಲ್ಲಾಪುರದವರು, ಹೈದರಾಬಾದಿನ ಸಾಹೇಬರು,
ಹನ್ನೊಂದು ವರ್ಷದಾಗ ಯಾರೂ ಎಣಿಸಿರಲಿಲ್ಲ.
ಮುಚ್ಚ್ಯದ, ಅಂದೆ.
ಎಲ್ಲಿ, ಅಂದಳು.
ನಾ ಗಿರಣಿ ಹೊಗಿ ನೋಡಿದೆ.

ಆಗ ಆಕಿ ಕೊಡೆ ಮಡಚಿ ಮೆಲ್ಲಗ ಹೇಳಿದಳು:
ತಾನೂ ಒಂದು ಸೇತುವೆ ಬಿಡ್ತಾಳಂತ.
ಎಡಕ್ಕ ಹೊರಳಿದರ ಹತ್ತು ಹೆಜ್ಜಿ, ಆದರೂ
ಬಲಕ್ಕ ಸುತ್ತಿಸಿ ಒಯ್ತಾಳಂತ.
ಯಾಕ ಅನ್ನೂದು ಹುಡುಗ ನನಗ ದಾಟಿಸಲಿಲ್ಲ,
ಆಕಿ ಹೇಳಿದಳೋ ಇಲ್ಲೋ.

ನಮ್ಮಪ್ಪ ಕಟ್ಟಿದ ಪತ್ರಾಸ್ ಮನೀ, ಪಟ್ಟಾ ಇಲ್ಲ.
ಅಡಗಿಮನ್ಯಾಗ ಹಿಟ್ಟಿನ ಡಬ್ಬಿ, ಡಬ್ಬಿ ಕೆಳಗ
ಶಹಾಬಾದಿ ಫರಸಿ, ಫರಸಿ ಕೆಳಗ
ಹನ್ನೆರಡು.
ಮಗಳಿಗೆ ಜ್ವರ ಬಂದಾಗ ಅದೇ ಕಲ್ಲಿನ ಮ್ಯಾಲ ಮಲಗಿಸಿದ್ದೆವು,
ಚೈತ್ರದಾಗೂ ಮಡಕಿಯಷ್ಟು ತಂಪು.
“ಇದೇನ್ರಿ, ಪರದೇಶದಾಕಿಗೆ ನನ್ನ ಡಬ್ಬಿ ತೋರಸ್ಲತ್ತೀರಿ!”
ಅಂದಳು ಸುಗಲಾಬಾಯಿ, ಅಂದವಳೇ ಡಬ್ಬಿ ಜರುಗಿಸಿದಳು.

ಲೀವಾಬಾಯಿ ಸೀದಾ ಬೋರಲ ಮಲಗಿದಳು,
ಕಲ್ಲಿಗೆ ಕಿವಿ, ಕೂದಲಿಗೆ ಜೋಳದ ಹಿಟ್ಟು.
ಬಾಳ ಹೊತ್ತಾತು.
ಆಕಡೆ ಹೊರಸಿನ ಮ್ಯಾಲ ಹಳದಿ ಕೊಡೆ.
ಆಕಿ ಮೋತಿ ಎತ್ತಿ ತಲಿ ಅಲ್ಲಾಡಿಸಿದಳು, ಏನಿಲ್ಲ.

“ಹಗಲಿಗೆ ಕೇಳಸೂದಿಲ್ಲ,” ಅಂದಳು ನನ್ನ ಹೆಂಡತಿ,
ಚಹಾದ ಪುಡಿ ಹಾಕ್ಕೋತ,
“ನಡುರಾತ್ರಿ ಕಿವಿ ಇಡಬೇಕು.
ಗಿರಣಿ ಬಂದಾಗಿ, ಇವರ ಗೊರಕಿನೂ ನಿಂತಾಗ.”

ಇಪ್ಪತ್ತಾರು ವರ್ಷ. ನನಗೆಂದೂ ಹೇಳಿರಲಿಲ್ಲ.

ಹುಡುಗ ಆ ಒಂದು ಮಾತು ದಾಟಿಸಲಿಕ್ಕೆ
ಹತ್ತು ಮಾತು ತಗೊಂಡ.