ಚೆರ್ರಿ ಮರದ ಸಿ.ಡಿ.

ಚಿತ್ರ ಬಿಡಿಸುವ ಸಾಫ್ಟ್‌ವೇರು, ಹದಿನೇಳು ವರ್ಷದ್ದು,
ತೆರೆದರೆ ಸಾಕು, ಕಂಪ್ಯೂಟರಿಗೆ ಏದುಸಿರು.
ತೆಗೆದೇಬಿಡೋಣ ಎಂದು ಕೂತಳು ವಿಜ್ಮಾ.
ಜುಲೈ, ರೀಗಾದ ಹೊರವಲಯ,
ಸಂಜೆ ಏಳಾದರೂ ಮಟಮಟ ಬಿಸಿಲು.

ಖಂಡಿತವೇ? ಕೇಳಿತು.
ಹೌದು.
ನಿಜವಾಗಿಯೂ?
ಹೌದಪ್ಪಾ, ಹೌದು.
ಹಾಗಾದರೆ ಮೊದಲು ಮೂಲ ಸಿ.ಡಿ. ಹಾಕಿ.

ಹೊರಡು ಎಂದರೆ ಹೊಸಿಲಲ್ಲಿ ನಿಂತು
ಬಂದ ದಿನದ ಉಡುಗೊರೆ ಕೇಳುವ ನೆಂಟ!

ಡ್ರಾಯರು ಜಾಲಾಡಿದಳು. ತಂತಿ, ಗುಂಡಿ,
ಯಾವ ಬೀಗದ್ದೋ ಕೀಲಿಕೈ,
ಗುಂಟಿಸ್ ಬಿಡಿಸಿದ್ದ ಜಾಮ್ ಬಾಟಲಿಯ ಚೀಟಿಗಳು.
ಪರದೆಯ ಮೇಲೆ ಅಚ್ಚ ನೀಲಿ,
ಅಚ್ಚಾಗಿ ಬಂದರೆ ಬದನೆಕಾಯಿ.
ಅದಕ್ಕೊಂದು ಜಗಳ ಆಗಿತ್ತು.
ಗೆದ್ದದ್ದು ಯಾರೋ ಮರೆತಿದೆ.
ಅವನೀಗ ಲಿಯೆಪಾಯಾದಲ್ಲಿ, ಬೇರೆ ಸಂಸಾರ.

ಆಮೇಲೆ ಹೊಳೆಯಿತು:
ಹಕ್ಕಿ ಬೆದರಲೆಂದು ತಾನೇ ದಾರ ಪೋಣಿಸಿ
ಚೆರ್ರಿ ಮರಕ್ಕೆ ಕಟ್ಟಿದ್ದಳು.

ಸ್ಟೂಲು ಹತ್ತಿ ಬಿಚ್ಚಿ ತಂದು ಏಪ್ರನ್ನಿಗೆ ಒರೆಸಿದಳು.
ಮೂರು ಬೇಸಿಗೆ, ಒಂದು ಆಲಿಕಲ್ಲು ಮಳೆ,
ಅಂಚಿನಲ್ಲಿ ಒಣಗಿದ ಹಿಕ್ಕೆ.
ಕಂಪ್ಯೂಟರು ನುಂಗಿತು, ಗರಗರ ಅಗಿಯಿತು,
ಉಗುಳಿತು.
ಮತ್ತೆ. ಉಗುಳಿತು.
ನಾಲ್ಕನೆಯ ಸಲ, ಯಾಕೋ, ಓದಿತು.

ಹಸಿರು ಪಟ್ಟಿ ತೆವಳುತ್ತಾ ತುದಿ ಮುಟ್ಟುವಷ್ಟರಲ್ಲಿ
ಹೊರಗೆ ಗದ್ದಲ.
ಗೊರವಂಕದ ದಾಯಾದಿಗಳು, ಚುಕ್ಕೆಮೈಯವು,
ಮರಕ್ಕೆ ಮರವೇ ಕಪ್ಪು.

ಕೆಲವು ಕಡತಗಳು ಬಳಕೆಯಲ್ಲಿವೆ,
ಅಳಿಸಲಾಗಲಿಲ್ಲ, ಅಂದಿತು ಪರದೆ.
ಇರಲಿ ಬಿಡು, ಎಂದು
ಬಟ್ಟಲು ಹಿಡಿದು ಓಡಿದಳು,
ಉಳಿದಷ್ಟು ಹಣ್ಣು
ಕೈಯಾರೆ ಬಿಡಿಸಲು.