ಮಡಚಿಡು

ಬೊಂಬೆಗೆ ಮೊದಲು ಬರೆದದ್ದು ಲಂಗ.
ಬರಿಮೈಲಿ ನಿಲ್ಲಿಸಬ್ಯಾಡ, ಪಾಪ,
ಎಂದಳು ಅವ್ವ, ಹಲ್ಲಲ್ಲಿ ಸೂಜಿ ಕಚ್ಚಿಕೊಂಡೇ.
ಅವಳ ಅಳತೆ ಪುಸ್ತಕದ ಹಿಂಬದಿಯ ಹಾಳೆ.
ಬೆಳಕಿಗೆ ಹಿಡಿದರೆ ಮುಂಬದಿಯ
ಎದೆ ಮೂವತ್ತಾರು, ತೋಳು ಒಂಬತ್ತು
ಬೊಂಬೆಯ ಹೊಟ್ಟೆಯೊಳಗೆ ಕಾಣುತ್ತಿತ್ತು.

ಚೌಕಿಪೇಟೆಯ ಈ ಸಂದಿಯಲ್ಲಿ ಕರೆಂಟು ಹೋದರೆ
ಅವ್ವನ ಮಷೀನು ನಿಲ್ಲುವುದಿಲ್ಲ, ತುಳಿದರಾಯಿತು.
ನನ್ನ ಲ್ಯಾಪ್‌ಟಾಪು ತುಳಿಯುವಂಥದ್ದಲ್ಲ.
ಆ ಹೊತ್ತೆಲ್ಲ ಪೆನ್ಸಿಲಿನದು.

ಹಾಳೆಯನ್ನು ಹೊಸ್ತಿಲ ಬಿಸಿಲಿಗಿಟ್ಟು ಫೋಟೊ ತೆಗೆದು,
ಸುತ್ತಲ ಬಿಳಿಯನ್ನೆಲ್ಲ ಅಳಿಸಿ,
ಕತ್ತರಿ ಮುಟ್ಟದೆ ಕತ್ತರಿಸಿದ ಮೊದಲ ರವಿಕೆ
ಬೊಂಬೆಗೆ ತೊಡಿಸಿದರೆ ಭುಜಕ್ಕೆ ಕೂರಲಿಲ್ಲ.
ಮೂರೇ ಪಿಕ್ಸೆಲ್.
ಎಂಬತ್ತೆಂಟು ಎಂದಿದ್ದನ್ನು ಎಂಬತ್ತೈದು ಮಾಡಿದೆ,
ಆಗ ಬಲಭುಜ ಬಿಟ್ಟುಕೊಂಡಿತು.
ಅವ್ವ ಕನ್ನಡಕ ಏರಿಸಿ ಬಗ್ಗಿದಳು:
'ರವಿಕೆದೇನೂ ತಪ್ಪಿಲ್ಲ ತಗಾ,
ಹುಡುಗೀದೇ ಎಡಭುಜ ಇಳದೈತಿ. ಯಾರ್ನ ನೋಡಿ ಬರದಿ?'

ಯಾರನ್ನೂ ನೋಡಿರಲಿಲ್ಲ. ಹಾಗೇ ಹೇಳಿದೆ.
ರಾತ್ರಿ ಹೊಳೆಯಿತು: ಮಂಡಕ್ಕಿ ಭಟ್ಟಿಯ ಹಾಲಮ್ಮ,
ರವಿಕೆ ಸಡಿಲಿಸಲು ಬಂದು ಬಾಗಿಲಿಗೆ ಒರಗುವವಳು,
ಚೀಲ ಹೊತ್ತು ಹೊತ್ತು ಒಂದು ಕಡೆ ತಗ್ಗಿದವಳು,
ಮೊಣಕೈ ಕೆಳಗೆ ಕಾದ ಮರಳು ತಾಕಿದ ಕಲೆ.
ಬೊಂಬೆಗೂ ಅದೇ ಜಾಗದಲ್ಲೊಂದು ಮಸುಕು,
ನನ್ನ ಅಂಗೈ ಒರೆಸಿಕೊಂಡು ಹೋದ ಪೆನ್ಸಿಲ್ ಧೂಳು.
ಎರಡು ಸಲ ಅಳಿಸಿದೆ.
ಎರಡು ಸಲವೂ ವಾಪಸ್ಸು ತಂದೆ.

ಇಳಕಲ್ ಸೀರೆಯ ಸೆರಗಿಗೆ ಇಡೀ ಭಾನುವಾರ ಹೋಯಿತು.
ಮೌಸಿಗೆ ನೆರಿಗೆ ಹಿಡಿಯಲು ಬರುವುದಿಲ್ಲ.
ಚೂಡಿದಾರಕ್ಕೆ ಕಿಸೆ ಇಟ್ಟೆ. ಅವ್ವ
ಹೆಂಗಸರಿಗೆ ಕಿಸೆ ಹೊಲಿದವಳಲ್ಲ, ಕೇಳಿದವರೂ ಇಲ್ಲ.
ನನ್ನ ಆಟದಲ್ಲಿ ಕಿಸೆ ಒತ್ತಿದರೆ ಐದು ಮಂಡಕ್ಕಿ ಉದುರುತ್ತವೆ.
ಅದೊಂದಕ್ಕೇ ನಾಲ್ಕು ರಾತ್ರಿ.

ಬಟ್ಟೆ ತೆಗೆಯುವ ಗುಂಡಿಗೆ ಹೆಸರು ಬೇಕಿತ್ತು.
ಗುಂಡಿ ಎಂದಾಕ್ಷಣ ಅವ್ವ ಡಬ್ಬಿ ತಡಕಿದಳು.
ಇದು ಬೇರೆ ಗುಂಡಿ, ಬೆರಳಲ್ಲಿ ಒತ್ತುವುದು ಎಂದೆ.
'ಬಿಚ್ಚು' ಎಂದು ಬರೆದು ನಾನೇ ನಾಚಿದ್ದೆ,
'ತೆಗೆ' ಎಂದರೆ ಗದರಿದ ಹಾಗೆ.
ಕಾಜಾ ಹಾಕುತ್ತಲೇ ಅಂದಳು:
'ಮಡಚಿಡು ಅಂತ ಹಾಕು.
ಉಟ್ಟಿದ್ದನ್ನ ಯಾರರ ಬಿಸಾಕ್ತಾರೇನು?'

ಮೊದಲು ಆಡಿದ್ದು ಎದುರುಮನೆಯ ಫಿರ್ದೋಸ್, ಆರು ವರ್ಷ.
ಲಂಗದ ಮೇಲೆ ಯೂನಿಫಾರ್ಮು, ಅದರ ಮೇಲೆ ಚೂಡಿದಾರ,
ಮೇಲೆ ಇಳಕಲ್, ಅದಕ್ಕೂ ಮೇಲೆ ಸ್ವೆಟರು.
ಒಂದು ತೊಟ್ಟರೆ ಇನ್ನೊಂದು ಹೋಗಬೇಕೆಂಬ ನಿಯಮ
ಬರೆಯಲು ಮರೆತಿದ್ದೆ.
ಬೊಂಬೆ ಬೀರುವಿನ ಹಾಗೆ ನಿಂತಿತ್ತು.
ಇದೇನೇ ಎಂದರೆ,
'ಊರಿಗೆ ಹೊಂಟಾಳ ಅಕ್ಕ, ಬ್ಯಾಗಿಲ್ಲ.'

ತಿದ್ದಬೇಕು. ಇನ್ನೂ ತಿದ್ದಿಲ್ಲ.

ಮೊನ್ನೆ ಹಾಲಮ್ಮ ಬಂದಾಗ ಫೋನು ಕೈಗೆ ಕೊಟ್ಟೆ.
ದೂರ ಹಿಡಿದಳು, ಹತ್ತಿರ ಹಿಡಿದಳು.
ತನ್ನನ್ನು ಗುರುತಿಸಲಿಲ್ಲ, ಗುರುತಿಸಿದರೂ ಹೇಳಲಿಲ್ಲ.
ಅಕಸ್ಮಾತ್ ಬೆರಳು ಕಿಸೆಗೆ ತಾಕಿ ಉದುರಿದ ಐದನ್ನೂ
ಒಂದೊಂದಾಗಿ ನೋಡಿ,
'ಅರಳಿಲ್ಲ ಇವು' ಎಂದಳು,
'ಮರಳು ಕಾದಿಲ್ಲ.'