ಕಪನೂರದ ಮೂರು ನಿಮಿಷ

ನಾ ಲಗ್ನದ ವಿಡಿಯೋ ತೆಗಿಯಾಂವ.
ಅಕ್ಕಿಕಾಳು ಸಾವಕಾಶ ಬೀಳೂದು,
ಬೀಗರ ಮಾರಿ ಹತ್ತರದಿಂದ, ಅದ ನನ್ನ ಕಸುಬು.
ಆಷಾಢದಾಗ ಕ್ಯಾಮೆರಾ ಕಪಾಟಿನಾಗ ಇರತದ,
ನಾ ಕಟ್ಟಿ ಮ್ಯಾಲ ಇರತೀನಿ.

ಅಂಥಾ ಒಂದು ಆಷಾಢದಾಗ ಫೋನ್ ಬಂತು,
ಕಪನೂರ ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್ಲಿನಿಂದ.
ಸಾವಕಾರರ ಅಳಿಯ, ಪುಣೆದಾಗ ಓದಿದಾಂವ, ಅಂದ:
"ನಮ್ಮ ಕಂಪನಿ ಒಳಗಿನ ಸಂಸ್ಕೃತಿ ತೋರಸಬೇಕು.
ಮೂರು ನಿಮಿಷ. ಎಲ್ಲಾ ನ್ಯಾಚುರಲ್ ಇರಬೇಕು."

ನ್ಯಾಚುರಲ್ ಆಗಲಿಕ್ಕೆ ಎರಡು ದಿನ ಹಿಡೀತು.
ಗ್ವಾಡಿಗೆ ಸುಣ್ಣ ಬಿತ್ತು.
ಹೈದರಾಬಾದಿನಿಂದ ಹಸಿರು ಏಪ್ರನ್ನು ಬಂದವು.
ಮಡಿಕಿ ಗೆರಿ ಎದಿ ಮ್ಯಾಲ ಹಾಂಗೇ ಎದ್ದು ನಿಂತಿತ್ತು,
ಸೂಗಮ್ಮ ಅಂಗೈಲೆ ತಿಕ್ಕಿ ತಿಕ್ಕಿ ನೋಡಿದಳು,
ಹೋಗಲಿಲ್ಲ.

ತೊಗರಿ ಒಡಿಯೂ ಸಪ್ಪಳ
ಕಿವಿಗೆ ಕೇಳೂದಲ್ಲ, ಹಲ್ಲಿಗೆ ಕೇಳೂದು.
ಊಟಕ್ಕೂ ಅದು ನಿಲ್ಲೂದಿಲ್ಲ, ಮಂದಿ ಪಾಳಿ ಮ್ಯಾಲ ಉಣ್ಣತಾರ.
ಮಾತು ರೆಕಾರ್ಡ್ ಆಗಬೇಕಲ್ಲ, ಬಂದ್ ಮಾಡ್ರಿ ಅಂದೆ.
ಕಡೀ ರೋಲರು ಉಸಿರು ಬಿಟ್ಟು ನಿಂತಿತು.
ಹಳದಿ ಧೂಳು ಇಳೀಲಿಕ್ಕೆ ಹತ್ತಿತು,
ತಗಡಿನ ಮ್ಯಾಲ ಕಾಗಿ ನಡದದ್ದು ಕೇಳಿತು.

ಸೂಗಮ್ಮ ನೂರಬೀಗೆ ಏನೋ ಅಂದಳು,
ಇಡೀ ಶೆಡ್ಡು ತಿರುಗಿ ನೋಡಿತು, ಅಷ್ಟು ಜೋರು!
ನೂರಬೀ ಉತ್ತರ ಕೊಟ್ಟಳು. ಸಣ್ಣ ದನಿ. ಹುಡುಗಿ ದನಿ.
"ಹನ್ನೊಂದು ವರ್ಷಾತು ಒಂದೇ ಜಾಳಿಗೆ ನಿಂತು,
ನಿನ್ನ ದನಿ ಹಿಂಗದ ಅಂತ ಇವತ್ತ ಗೊತ್ತಾತಲ್ಲೇ!"
ಆಮ್ಯಾಲ ಇಬ್ಬರೂ ಸುಮ್ಮನಾದರು,
ಬಸ್ಸಿನಾಗ ಬಾಜೂಕ ಕುಂತ
ಗುರುತಿಲ್ಲದವರಂಗ.

"ಇಲ್ಲಿ ಕೆಲಸ ಮಾಡೂದು ಹೆಂಗ ಅನಸತದ?"
ಛೊಲೋ ಅನಸತದ್ರಿ.
ಹದಿನಾಲ್ಕು ಮಂದಿ, ಹದಿನಾಲ್ಕು ಛೊಲೋ.
ಸಾಬವ್ವ ಒಬ್ಬಾಕಿ ಏನೂ ಅನ್ನದ
ಕ್ಯಾಮೆರಾಕ್ಕ ಕೈ ಮುಗದಳು.

ಕಡೀಕ ಮ್ಯಾನೇಜರ್ ಬಸವಂತರಾಯರು.
ನಿಂತ ಮಷೀನು ಹಿಂದ ಶೋಭಾ ಕೊಡೂದಿಲ್ಲಂತ
ಮತ್ತ ಚಾಲೂ ಮಾಡಿಸಿದರು.
ಅವರ ಕಾಲರಿಗೆ ಮೈಕು ಸಿಗಿಸಿದೆ.
"ನಾವೆಲ್ಲಾ ಒಂದೇ ಮನಿ ಮಂದಿ," ಅಂದರು,
ಮೂರನೇ ಸಲಕ್ಕ ಬರೋಬ್ಬರಿ ಬಂತು.

ಕೊಳಲು ಹಾಕಿದೆ, ಅಳಿಯ ತೆಗಸಿ ಗಿಟಾರ್ ಹಾಕಿಸಿದ.
"ಮ್ಯಾನೇಜರ ಹಿಂದ ಹೆಣ್ಮಕ್ಕಳು
ಕೈ ಆಡಸ್ಕೋತ ನಿಂತಾರಲ್ಲ," ಅಂದ,
"ಅದು ಖರೇ ನ್ಯಾಚುರಲ್."

ಶ್ರಾವಣದಾಗ ಬಾಕಿ ರೊಕ್ಕ ಕೇಳಲಿಕ್ಕೆ ಹೋದೆ.
ಮಷೀನು ಗುಡುಗತಿತ್ತು. ಜಾಳಿ ಹತ್ತರ
ಒಂದು ಫೋನಿಗೆ ಏಳೆಂಟು ತೆಲಿ ಬಗ್ಗಿದ್ದವು.
ನನ್ನ ಫಿಲ್ಮು, ಗಿಟಾರ್ ಇಲ್ಲದ, ಮಾತಿಲ್ಲದ.
ಬಸವಂತರಾಯರು ಬಂದಾಗ ಹೊಟ್ಟಿ ಹಿಡಕೊಂಡು ನಗಲಿಕ್ಕೆ ಹತ್ತಿದರು.
ಖರೇ ಹೇಳತೀನಿ, ಅವರನ್ನ ಯಾರೂ ನೋಡತಿರಲಿಲ್ಲ.

ಅವರ ಹೆಗಲ ಹಿಂದ, ತುಸು ಮಬ್ಬಿನಾಗ,
ನೂರಬೀ ಎರಡು ಬೆರಳಿಲೆ ಮೂಗು ಹಿಡದಾಳ,
ಬೆರಳು ಪಂಖಾದಂಗ ತಿರುವಿ, ಗಪ್ಪನ ನಿಲ್ಲಿಸ್ಯಾಳ.
ಸೂಗಮ್ಮ ಏಪ್ರನ್ನಿನ ತುದಿ ಎತ್ತಿ,
ಮಡಚಿ, ತಿರುಗಿ ಕೊಡೂ ಸನ್ನೆ ಮಾಡ್ಯಾಳ.
ಆಮ್ಯಾಲ ಮುಷ್ಟಿ ಕಟ್ಟಿ ಕಿವಿ ಹತ್ತರ ತಂದು
ಅಳ್ಳಾಡಿಸ್ಯಾಳ ಎರಡು ಸಲ.
ನಾ ನಾಕು ರಾತ್ರಿ ಕುಂತು ಕತ್ತರಿಸಿದ ಶಾಟು.
ಒಂದು ಸಲಾನೂ ಕಂಡಿರಲಿಲ್ಲ.

ಏನಂದಿ ಅಲ್ಲಿ? ಅಂತ ಒದರಿದೆ.
ಯಾರಿಗೂ ಕೇಳಲಿಲ್ಲ.

ಆಫೀಸಿನಾಗ ಬಸವಂತರಾಯರು ಚಹಾ ಕೊಟ್ಟರು.
"ಮುಂದಿನ ವಾರ ಬಾರಪ್ಪ, ನೀ ಮನಿ ಹುಡುಗ."
ಹೊರಗ ಬಂದೆ. ಜಾಳಿ ಹತ್ತರದ ಕಣ್ಣೆಲ್ಲಾ ನನ್ನ ಮ್ಯಾಲ.
ಕೈ ತಾನೇ ಎದ್ದಿತು,
ಮುಷ್ಟಿ ಕಟ್ಟಿತು,
ಕಿವಿ ಹತ್ತರ ಹೋತು.
ಅಳ್ಳಾಡಿಸಿದೆ, ಖಾಲಿ ಗಲ್ಲಾಪೆಟ್ಟಿಗೆಯಂಗ.

ಸೂಗಮ್ಮನ ಬಾಯಿ ಇಷ್ಟಗಲ ತೆರೀತು,
ನೂರಬೀ ಜಾಳಿ ಹಿಡಕೊಂಡು ಬಗ್ಗಿದಳು.
ಎಂಥಾ ನಗಿನೋ ಏನೋ,
ಒಂದೂ ಕೇಳಲಿಲ್ಲ ನನಗ.